ಹಸಿರಂಗಡಿಯ ಹಠಮಾರಿ ಗಿರಾಕಿ

ನಷ್ಟವಾದರೆ ಅದಕ್ಕೆ ಕಾರಣ ಹುಡುಕಿಕೊಡಲು ಊರಿಗೆ ಊರೇ ಬರುತ್ತದೆ. ಲಾಭ ಯಾಕಾಯಿತೆಂದು ತಿಳಿಯದೆ ತಲೆ ಕೆರೆದುಕೊಳ್ಳುವವರ ಕಷ್ಟ ಮಾತ್ರ ಯಾರಿಗೂ ಬೇಡ. ಹೇಳಿಕೊಂಡರೆ ಜಂಭ ಅನ್ನುತ್ತಾರೆ. ಆದ್ದರಿಂದ ಗುಂಡಿಯಕ್ಕ ಯಾರಿಗೂ ಹೇಳಿಕೊಳ್ಳದೆ, ಅಡುಗೆಮನೆಯ ಮೇಜಿನ ಮುಂದೆ ಕೂತು, ಲ್ಯಾಪ್‌ಟಾಪಿನ ಪರದೆಯನ್ನೇ ದಿಟ್ಟಿಸುತ್ತ ಒಬ್ಬಳೇ ತಲೆ ಕೆಡಿಸಿಕೊಂಡಿದ್ದಳು.

ಅವಳ ಕಸುಬು ಹಳೆಯ ಗುಂಡಿ ಮಾರುವುದು. ಅಂಗಿಯ ಗುಂಡಿ, ಕೋಟಿನ ಗುಂಡಿ, ಮಕ್ಕಳ ಸ್ವೆಟರಿನ ಗುಂಡಿ. ಬಾಗಿಲು ಹಾಕುವ ಟೈಲರ್ ಅಂಗಡಿಗಳಿಂದ ಡಬ್ಬಗಟ್ಟಲೆ ಎತ್ತಿಕೊಂಡು ಬಂದು, ಮೇಜಿನ ಮೇಲೆ ಸುರಿದು, ಬಿಸಿನೀರಿನಲ್ಲಿ ತೊಳೆದು, ಟವೆಲಿನ ಮೇಲೆ ಒಣಗಿಸಿ, ಒಂದೇ ಜಾತಿಯವನ್ನು ಜೊತೆ ಮಾಡಿ ರಟ್ಟಿಗೆ ಹೊಲಿದು, ಕಿಟಕಿಯ ಬೆಳಕಿನಲ್ಲಿ ಫೋಟೋ ತೆಗೆದು ಇಂಟರ್ನೆಟ್ಟಿನ ಹರಾಜಿಗೆ ಹಾಕುತ್ತಾಳೆ. ಬಸ್ ಡಿಪೋದಲ್ಲಿ ಬ್ರೇಕು ರಿಪೇರಿ ಮಾಡುವ ಅವಳ ಗಂಡ, ಊಟದಲ್ಲಿ ಗುಂಡಿ ಸಿಕ್ಕಿದರೂ ತುಟಿಪಿಟಕ್ಕೆನ್ನದೆ ತಟ್ಟೆಯ ಅಂಚಿಗೆ ಇಟ್ಟು ಊಟ ಮುಂದುವರಿಸುವ ಪ್ರಾಣಿ. ಯಾವ ಮಾತಿಗೂ ಅವನ ಉತ್ತರ ‘ಸರಿ’.

ಹರಾಜಿನ ತಾಣಗಳಲ್ಲೆಲ್ಲ ದೊಡ್ಡದು ಯಾವುದೋ ಅದಕ್ಕೆ ಅವಳೂ ಅವಳ ಜೊತೆಯ ಇಬ್ಬರು ಮಾರಾಟಗಾರರೂ ಇಟ್ಟಿದ್ದ ಹೆಸರು ದೊಡ್ಡಪ್ಪ. ಪ್ರೀತಿಯಿಂದ ಇಟ್ಟ ಹೆಸರಲ್ಲ. ಎಲ್ಲರೂ ಅವನ ಸೂರಿನ ಕೆಳಗೇ ಬದುಕಬೇಕು, ಅವನು ಆಡಿದ್ದೇ ಕಾನೂನು, ದುಡಿದದ್ದರಲ್ಲಿ ಮೊದಲ ಪಾಲು ಅವನದು, ಜಗಳವಾದರೆ ಹೊರಗಿನವರ ಮಾತೇ ಅವನಿಗೆ ನಿಜ. ಹೀಗೆಂದು ಬೈದುಕೊಂಡೇ ಗುಂಡಿಯಕ್ಕ ಹತ್ತಾರು ವರ್ಷ ಅಲ್ಲಿ ಅಂಗಡಿ ನಡೆಸಿದ್ದಳು. ಕೊಂಡವರು ಒಬ್ಬೊಬ್ಬರೂ ಅವಳ ಹೆಸರಿನ ಮುಂದೆ ನಕ್ಷತ್ರ ಹಚ್ಚಿ, ಒಂದು ಸಾಲು ಒಳ್ಳೆಯ ಮಾತು ಬರೆದು ಹೋಗಿದ್ದರು. ‘ತೀರಿಕೊಂಡ ನನ್ನ ತಾಯಿಯ ಕೋಟಿಗೆ ಇಂಥದೇ ಗುಂಡಿ ಹುಡುಕುತ್ತಿದ್ದೆ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ’ ಎಂದು ಎಲ್ಲಿಯದೋ ಊರಿನ ಯಾರೋ ಬರೆದದ್ದನ್ನು, ಮನಸ್ಸು ಮಂಕಾದ ದಿನ ಅವಳು ತೆಗೆದು ಓದುವುದಿತ್ತು. ಅಂಗಡಿ ಮುಚ್ಚಿದರೆ ನಕ್ಷತ್ರವೂ ಮಾಯ, ಆ ಮಾತೂ ಮಾಯ. ಆಮೇಲೆ ಮನಸ್ಸು ಬದಲಾಯಿಸಿ ವಾಪಸ್ ಹೋದರೆ, ನಿನ್ನೆ ಮೊನ್ನೆ ಕಣ್ಣು ಬಿಟ್ಟವರ ಸಾಲಿನಲ್ಲಿ ನಿಲ್ಲಬೇಕು.

ಅಂಥ ದೊಡ್ಡಪ್ಪ ಈಗ ಹೊಸ ಕಾನೂನು ಹೊರಡಿಸಿದ್ದ. ಮುಂದಿನ ತಿಂಗಳಿಂದ ಅವನ ಪಾಲು ಹೆಚ್ಚು. ಗಿರಾಕಿ ಮಾಲು ಬೇಡವೆಂದು ಹಿಂದಿರುಗಿಸಿದರೆ ಸಾಗಾಣಿಕೆಯ ಖರ್ಚು ಮಾರಿದವರ ತಲೆಗೆ. ಒಪ್ಪಿಗೆ ಇಲ್ಲದವರು ತಿಂಗಳ ಕೊನೆಯ ಭಾನುವಾರದೊಳಗೆ ಅಂಗಡಿ ಮುಚ್ಚಿಕೊಂಡು ಹೋಗಬಹುದು.

ಈ ಸುದ್ದಿ ಚರ್ಚೆಯಾದದ್ದು ಪಾರ್ಸೆಲ್ ಆಫೀಸಿನ ಸಾಲಿನಲ್ಲಿ. ಇವರ ಮೂವರ ಸಭೆಗಳೆಲ್ಲ ನಡೆಯುವುದು ಅಲ್ಲೇ, ತೂಕದ ಯಂತ್ರದ ಮುಂದೆ, ಎದೆಗವಚಿಕೊಂಡ ಡಬ್ಬಗಳ ಸಮೇತ. ಗುಂಡಿಯಕ್ಕನ ಜೊತೆ ಇದ್ದವಳು ಪಿಂಗಾಣಿ ಅತ್ತೆ. ಗುಂಡಿಯಕ್ಕನ ಗಂಡನ ಸೋದರತ್ತೆ. ಹಳೆಯ ಕಪ್ಪು, ಬಸಿ, ಹೂಜಿ ಮಾರುವುದು ಅವಳ ಕಸುಬು. ಬಿರುಕು ಬಿಟ್ಟ ಕಪ್ಪನ್ನು ಬೆರಳಿನಿಂದ ತಟ್ಟಿ, ಬರುವ ಸದ್ದಿನಿಂದಲೇ ಆರಿಸಿ ಆಚೆಗಿಡುವವಳು. ಇನ್ನೊಬ್ಬರು ರೇಡಿಯೋ ಮೇಷ್ಟ್ರು. ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ, ಈಗ ಹಳೆಯ ರೇಡಿಯೋಗಳ ವಾಲ್ವು ಮಾರುತ್ತಿದ್ದರು. ವಾಲ್ವು ಎಂದರೆ ಆ ಕಾಲದ ರೇಡಿಯೋದ ಹೊಟ್ಟೆಯೊಳಗೆ ಮಿಣಮಿಣ ಉರಿಯುವ ಗಾಜಿನ ಬುರುಡೆ. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರ ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಸಾಲಿನಲ್ಲಿ ನಿಂತರೆ ತಮ್ಮ ಸರದಿ ಬಂದದ್ದೂ ತಿಳಿಯದೆ ನಿಂತೇ ಇರುತ್ತಿದ್ದರು.

“ಹಕ್ಕಿ ನೋಡೋಣ್ವಾ?” ಎಂದಳು ಗುಂಡಿಯಕ್ಕ. ಹಕ್ಕಿಯ ಚಿತ್ರ ಇಟ್ಟುಕೊಂಡ ತಾಣವೊಂದಿತ್ತು.

“ಅಲ್ಲಿ ನನ್ನ ಹೂಜಿ ಹಾಕಿದ್ದೆ ಕಣೇ,” ಎಂದಳು ಅತ್ತೆ. “ಎಷ್ಟು ಎತ್ತರ, ಎಷ್ಟು ಭಾರ, ಯಾರ ಮನೇದು, ಯಾಕೆ ಮಾರ್ತಿದೀರಿ, ಒಳಗಡೆ ಫೋಟೋ ಹಾಕಿ, ತಳದ ಫೋಟೋ ಹಾಕಿ… ಹೆಣ್ಣು ನೋಡೋಕೆ ಬಂದೋರೂ ಅಷ್ಟು ಕೇಳಲ್ಲ. ಕೊನೆಗೆ ಕೊಂಡೋರು ಒಬ್ಬರೂ ಇಲ್ಲ.”

“ಹಾಗಾದ್ರೆ ಹಸಿರು?”

ಹಸಿರೆಂದರೆ ಹೊಸ ತಾಣ, ಪುಟವೆಲ್ಲ ಹಸಿರು ಬಣ್ಣ. ಸದ್ಯಕ್ಕೆ ಪಾಲು ಗೀಲು ಏನೂ ಕೇಳುತ್ತಿರಲಿಲ್ಲ. ಅಲ್ಲಿ ಬೆಲೆ ಕೂಗುವವರ ಹೆಸರು ಯಾರಿಗೂ ಕಾಣುವುದಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಚಿತ್ರ ಕೊಟ್ಟುಬಿಡುತ್ತದೆ. ಕೊಂಡವರ ವಿಳಾಸವೂ ಗುಟ್ಟು. ಡಬ್ಬದ ಮೇಲೆ ಬರೀ ಗೆರೆ, ಅಂಕಿ. ಅದು ಯಾವುದೋ ಬಸ್ ನಿಲ್ದಾಣದ ಪಾರ್ಸೆಲ್ ಕಪಾಟಿಗೆ ಹೋಗಿ ಕೂರುತ್ತದೆ, ಕೊಂಡವರು ಬಂದು ಬೀಗ ತೆಗೆದು ಒಯ್ಯುತ್ತಾರೆ. ಇನ್ನೊಂದು ನಿಯಮ ಮೂವರಿಗೂ ಬಹಳ ಹಿಡಿಸಿತು. ಒಂದು ಸಲ ಯಾರಾದರೂ ಬೆಲೆ ಕೂಗಿದರೆ ಮುಗಿಯಿತು, ಕೊಳ್ಳುವವರೂ ಹಿಂದೆ ಸರಿಯುವಂತಿಲ್ಲ, ಮಾರುವವರೂ ಮಾಲನ್ನು ವಾಪಸ್ ತೆಗೆಯುವಂತಿಲ್ಲ.

“ಮಾತಂದ್ರೆ ಮಾತು. ಹಾಗಿರ್ಬೇಕು,” ಎಂದರು ಮೇಷ್ಟ್ರು. ಆ ತಿಂಗಳು ಅವರು ಆಡಿದ ಅತಿ ಉದ್ದದ ಮಾತು ಅದಾದ ಮೇಲೆ ಬಂತು. “ಸ್ವಲ್ಪ ದಿನ ಅಲ್ಲಿ ಪರೀಕ್ಷೆ ಮಾಡೋಣ. ವ್ಯಾಪಾರ ಆದ್ರೆ ದೊಡ್ಡಪ್ಪನಿಗೆ ಕೈ ಮುಗಿದು ಹೋಗೋಣ. ಆದ್ರೆ ನಮ್ಮ ನಮ್ಮಲ್ಲೇ ಯಾರೂ ಕೂಗಬಾರ್ದು. ಪರೀಕ್ಷೆ ಕೆಡುತ್ತೆ.”

“ಛೆ ಛೆ, ಎಲ್ಲಾದ್ರೂ ಉಂಟಾ!” ಎಂದಳು ಅತ್ತೆ. “ಅಷ್ಟು ಬುದ್ಧಿ ಇಲ್ವಾ ಮೇಷ್ಟ್ರೇ ನಮಗೆ?” ಎಂದಳು ಗುಂಡಿಯಕ್ಕ. ಇಬ್ಬರ ದನಿಯೂ ಸ್ವಲ್ಪ ಜೋರಾಗಿಯೇ ಇತ್ತು.

ಆ ಬುದ್ಧಿ ವಾರ ಕಳೆಯುವುದರೊಳಗೆ ಎಲ್ಲಿ ಹೋಯಿತೋ. ಗುಂಡಿಯಕ್ಕ ಹಸಿರು ತೆರೆದು ಮೇಷ್ಟ್ರ ವಾಲ್ವುಗಳನ್ನು ನೋಡಿದರೆ, ಒಂದೊಂದರ ಕೆಳಗೂ ‘ಇನ್ನೂ ಯಾರೂ ಕೂಗಿಲ್ಲ’ ಎಂಬ ಅದೇ ಸಾಲು. ಹತ್ತಿಯ ಮೇಲೆ ಮಲಗಿಸಿ ಫೋಟೋ ತೆಗೆದಿದ್ದರು ಪಾಪ, ಕೂಸುಗಳ ಹಾಗೆ. ಅವಳಿಗೆ ಕರುಳು ಚುರುಕ್ಕೆಂದಿತು. ಹೆಂಡತಿ ಹೋದ ಮೇಲೆ ಆ ಮನುಷ್ಯ ಬೆಳಿಗ್ಗೆ ಏಳುವುದೇ ಈ ಬುರುಡೆಗಳಿಗಾಗಿ. ಇವೂ ಯಾರಿಗೂ ಬೇಡವೆಂದಾದರೆ ಏಳುವುದು ತಾನೇ ಯಾಕೆ? ಒಂದೇ ಒಂದಕ್ಕೆ ಕೂಗಿದರೆ ಪರೀಕ್ಷೆಯೇನೂ ಮುಳುಗಿಹೋಗುವುದಿಲ್ಲ ಎಂದುಕೊಂಡು ಕೊಳ್ಳುವವಳಾಗಿ ಬೇರೆ ಖಾತೆ ತೆರೆದಳು. ಹಸಿರು ಅವಳಿಗೆ ಆಮೆಯ ಚಿತ್ರ ಕೊಟ್ಟಿತು. ಸ್ವಲ್ಪ ಬೇಜಾರಾಯಿತು, ಆದರೂ ಕೂಗಿದಳು.

ಮರುದಿನ ಸಾಲಿನಲ್ಲಿ ಮೇಷ್ಟ್ರ ಮುಖ ಬೇರೆಯೇ ಆಗಿತ್ತು. “ಯಾರೋ ಆಮೆ ಕೂಗಿದೆ,” ಎಂದರು, ಮೊಮ್ಮಗು ಹುಟ್ಟಿದ ಸುದ್ದಿ ಹೇಳುವವರಂತೆ. “ಅಂದ್ರೆ ರೇಡಿಯೋ ಕೇಳೋರು ಇನ್ನೂ ಇದಾರೆ.” ಈ ಮಾತು ಕೇಳಿದ ಮೇಲೆ ಒಂದಕ್ಕೆ ನಿಲ್ಲಿಸುವುದು ಹೇಗೆ? ಇನ್ನೊಂದು ಕೊಂಡಳು, ಮತ್ತೊಂದು ಕೊಂಡಳು. ಅತ್ತೆಗೆ ಅನ್ಯಾಯವಾಗಬಾರದೆಂದು ಅವಳ ಒಂದೆರಡು ಬಸಿಗೂ ಕೂಗಿದಳು. ಬಸ್ ನಿಲ್ದಾಣದ ಕಪಾಟಿನಿಂದ ತಂದ ವಾಲ್ವುಗಳನ್ನು ಗಂಡನ ಉಣ್ಣೆಯ ಕಾಲುಚೀಲಗಳೊಳಗೆ ಅಡಗಿಸಿಟ್ಟಳು. ಒಂದು ಬೆಳಿಗ್ಗೆ ಅವನು ಕಾಲುಚೀಲಕ್ಕೆ ಕೈ ಹಾಕಿ ಗಾಜಿನ ಬುರುಡೆ ಹೊರಗೆ ತೆಗೆದ.

“ಏನಿದು?”

“ಬಲ್ಬು.”

“ಸರಿ,” ಎಂದು ಅದನ್ನು ಮತ್ತೆ ಒಳಗಿಟ್ಟು ಬೇರೆ ಜೊತೆ ಹಾಕಿಕೊಂಡು ಡಿಪೋಗೆ ಹೋದ.

ಇಷ್ಟೇ ಆಗಿದ್ದರೆ ಗುಂಡಿಯಕ್ಕನ ತಲೆ ಕೆಡುತ್ತಿರಲಿಲ್ಲ. ಮೇಷ್ಟ್ರ ಗಿರಾಕಿ ಯಾರೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಾಗದೆ ಹೋದದ್ದು ಅವಳ ಗುಂಡಿಗಳಿಗೆ ಮುಗಿಬಿದ್ದವರು ಯಾರು ಎಂಬುದು.

ದೊಡ್ಡಪ್ಪನ ಮನೆಯಲ್ಲಿ ತಿಂಗಳುಗಟ್ಟಲೆ ಕೊಳೆತ ಗುಂಡಿಗಳು ಹಸಿರಿನಲ್ಲಿ ಬಿಸಿಬಿಸಿಯಾಗಿ ಖರ್ಚಾದವು. ಕೂಗುವವರು ಇಬ್ಬರೇ, ಒಂದು ಕೊಡೆ, ಒಂದು ಮೀನು. ಕೊಡೆ ಏರಿಸಿದರೆ ಮೀನು ಏರಿಸುತ್ತಿತ್ತು, ಮೀನು ಏರಿಸಿದರೆ ಕೊಡೆ. ಒಂದು ಪೀಪಾಯಿಯಾಕಾರದ ಮರದ ಗುಂಡಿಯ ಜೋಡಿಗಂತೂ, ಗುಂಡಿಯಕ್ಕ ತಾನೇ ಕಸಕ್ಕೆ ಹಾಕಬೇಕೆಂದಿದ್ದುದಕ್ಕೆ, ಇಬ್ಬರೂ ಪ್ರಾಣ ಬಿಡುವವರಂತೆ ಕಾದಾಡಿದರು. ನಾಟಕ ಕಂಪನಿಯ ಟೈಲರಿನಿಂದ ತಂದಿದ್ದ ಹಸಿರು ಗಾಜಿನ ಗುಂಡಿಗಳನ್ನು, ಒಂದರ ಅಂಚು ಒಡೆದಿದೆ ಎಂದು ಸ್ಪಷ್ಟವಾಗಿ ಬರೆದಿದ್ದರೂ, ಕೊಡೆ ಹೊತ್ತುಕೊಂಡು ಹೋಯಿತು.

ಇವರು ಯಾರು? ಇಷ್ಟು ದಿನ ಎಲ್ಲಿದ್ದರು? ಇಷ್ಟೊಂದು ಗುಂಡಿ ತೆಗೆದುಕೊಂಡು ಏನು ಮಾಡುತ್ತಾರೆ? ಅವಳಿಗೆ ತಲೆಬುಡ ಹತ್ತಲಿಲ್ಲ. ಕೊಡೆ ಯಾರೋ ಒಂಟಿ ಗಂಡಸಿರಬೇಕು, ಕಪಾಟಿನ ತುಂಬ ಕೋಟು ಇರುವವನು ಎಂದು ಒಂದು ದಿನ ಅಂದುಕೊಂಡಳು. ಮರುದಿನ ಅತ್ತೆಯ ಬಸಿಗೂ ಕೊಡೆ ಕೂಗಿದ್ದು ನೋಡಿ ಆ ಗಂಡಸಿಗೆ ಮದುವೆ ಮಾಡಿಸಿದಳು. ಮೀನು ವಾಲ್ವಿಗೆ ಕೂಗಿದಾಗ ಅವಳ ಲೆಕ್ಕಾಚಾರವೆಲ್ಲ ಮಗುಚಿಬಿತ್ತು. ಗುಂಡಿಯೂ ಬೇಕು, ವಾಲ್ವೂ ಬೇಕು ಅನ್ನುವ ಮನೆ ಎಂಥದು?

“ಅತ್ತೆ, ನಿಮಗೇನೂ ಅನುಮಾನ ಬರ್ತಿಲ್ವಾ?” ಎಂದು ಸಾಲಿನಲ್ಲಿ ಕೇಳಿದಳು.

ಅತ್ತೆ ತನ್ನ ಡಬ್ಬದ ಟೇಪನ್ನು ಉಗುರಿನಿಂದ ಒತ್ತುತ್ತ, “ಅನುಮಾನ ಯಾಕೆ ಬರ್ಬೇಕು? ಒಳ್ಳೇ ಮಾಲು ಒಳ್ಳೇ ಬೆಲೆಗೆ ಹೋಗ್ತಿದೆ,” ಎಂದಳು. ಮುಖ ನೋಡಿ ಹೇಳಲಿಲ್ಲ.

ಆಮೇಲೆ ಬಂದದ್ದು ಆ ಸಂಜೆ. ಮೇಷ್ಟ್ರ ವಾಲ್ವೊಂದು, ಉಳಿದವಕ್ಕಿಂತ ಚಿಕ್ಕದು, ಕತ್ತಿನ ಹತ್ತಿರ ಸ್ವಲ್ಪ ಕಪ್ಪಾಗಿದ್ದದ್ದು, ಹರಾಜಿನ ಕೊನೆಗೆ ಬಂದಿತ್ತು. ಬೆಳಿಗ್ಗೆಯೇ ಆಮೆ ಅದಕ್ಕೆ ಕೂಗಿಟ್ಟಿತ್ತು. ಗುಂಡಿಯಕ್ಕ ಸುಮ್ಮನೆ ಒಂದು ಕಣ್ಣಿಟ್ಟುಕೊಂಡು ಗುಂಡಿ ಹೊಲಿಯುತ್ತ ಕೂತಿದ್ದಾಗ ಕೊಡೆ ಬಂತು. ಅವಳು ಏರಿಸಿದಳು. ಕೊಡೆ ಏರಿಸಿತು. ಕೊನೆಯ ಗಳಿಗೆಯಲ್ಲಿ ಯಾರಾದರೂ ಕೂಗಿದರೆ ಹಸಿರು ಇನ್ನೊಂದಿಷ್ಟು ಹೊತ್ತು ಕಾಯುತ್ತದೆ; ಹಾಗಾಗಿ ಹರಾಜು ಮುಗಿಯಲೇ ಇಲ್ಲ. ಬೇರೆಯವರು ಕೊಳ್ಳುತ್ತಾರಾದರೆ ಒಳ್ಳೆಯದೇ ಆಯಿತೆಂದು ಅವಳು ಬಿಡಬೇಕಿತ್ತು. ಅವಳು ಕೂಗತೊಡಗಿದ್ದೇ ಅದಕ್ಕಲ್ಲವೇ? ಆದರೆ ಅಷ್ಟರಲ್ಲಿ ಅವಳಿಗೂ ಹಠ ಬಂದಿತ್ತು. ತನ್ನ ಗುಂಡಿ ಕೊಂಡ ಕೊಡೆ ಬೇರೆ, ತನಗೆ ಎದುರು ನಿಂತ ಕೊಡೆ ಬೇರೆ. ಇವನ್ಯಾವ ಹಠಮಾರಿ ನೋಡಿಯೇಬಿಡುತ್ತೇನೆ ಎಂದು ಸೂಜಿ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಬೆಲೆ ಎಲ್ಲಿಗೋ ಹೋಯಿತು. ಅದು ಅವಳ ಕೈಮೀರಿದ ಬೆಲೆ, ಆದರೂ ಬೆರಳು ಕೀಲಿಯ ಮೇಲೆಯೇ ಇತ್ತು.

ಆಗ ಚುರ್ ಎಂದು ಸದ್ದು, ಸುಟ್ಟ ವಾಸನೆ. ಗಂಡ ಒಲೆಯ ಮೇಲೆ ಹಾಲಿಟ್ಟು ಸ್ನಾನಕ್ಕೆ ಹೋಗಿದ್ದ. ಪಾತ್ರೆಯ ಹಾಲೆಲ್ಲ ಉಕ್ಕಿ, ಒಲೆ ಆರಿ, ಒಣಗಲಿಟ್ಟ ಗುಂಡಿಗಳ ಟವೆಲಿನ ತನಕ ಹರಿದು ಬಂದಿತ್ತು. ಅವಳು ಓಡಿ, ಗ್ಯಾಸ್ ನಿಲ್ಲಿಸಿ, ಬಟ್ಟೆ ಹುಡುಕಿ, ಗುಂಡಿ ಎತ್ತಿಟ್ಟು ವಾಪಸ್ ಬರುವುದರೊಳಗೆ ಪರದೆಯ ಮೇಲೆ ಕೊಡೆಯ ಚಿತ್ರ ನಗುತ್ತಿತ್ತು. ಹರಾಜು ಮುಗಿದಿತ್ತು. ಅಂದು ಗಂಡನಿಗೆ ಬಿದ್ದ ಬೈಗುಳ ಮದುವೆಯಾದಾಗಿನಿಂದ ಬಿದ್ದದ್ದಕ್ಕೆಲ್ಲ ಸಮ. ತಲೆ ಒರೆಸಿಕೊಳ್ಳುತ್ತ ನಿಂತು ಪೂರ್ತಿ ಕೇಳಿ, “ಸರಿ,” ಎಂದ.

ಸೋತದ್ದು ಉರಿಯುತ್ತಿದ್ದರೂ, ಅದರಿಂದಲೇ ಅವಳಿಗೆ ಧೈರ್ಯ ಬಂತು. ಒಂದು ಮಸಿ ಹಿಡಿದ ಬುರುಡೆಗಾಗಿ ಹೀಗೆ ಕಾದಾಡುವ ಗಿರಾಕಿ ಇರುವ ಕಡೆ ವ್ಯಾಪಾರ ನಿಜವಾದದ್ದೇ. ಮೂವರೂ ನಿರ್ಧಾರ ಮಾಡಿದರು. ಒಬ್ಬೊಬ್ಬರೇ ಆದರೆ ಕೈ ಬರುವುದಿಲ್ಲವೆಂದು, ಭಾನುವಾರ ಮೇಷ್ಟ್ರ ಮನೆಯಲ್ಲಿ ಸೇರಿ, ಒಟ್ಟಿಗೇ ದೊಡ್ಡಪ್ಪನ ಅಂಗಡಿಗಳನ್ನು ಮುಚ್ಚುವುದು.

ಭಾನುವಾರ ಬೆಳಿಗ್ಗೆ ಗುಂಡಿಯಕ್ಕ ತನ್ನ ನಕ್ಷತ್ರಗಳನ್ನು ಒಮ್ಮೆ ನೋಡಿಕೊಂಡಳು, ತಾಯಿಯ ಕೋಟಿನ ಮಾತನ್ನು ಒಮ್ಮೆ ಓದಿಕೊಂಡಳು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಮೇಷ್ಟ್ರ ಮನೆ ಮೂರನೇ ಮಹಡಿ. ಬಾಗಿಲು ತೆರೆದವರು ಕೋಟು ಹಾಕಿಕೊಂಡಿದ್ದರು. ಒಳ್ಳೆಯ ಕೆಲಸಕ್ಕೆಂದು ಸಿದ್ಧವಾದವರಂತೆ ಕೂದಲು ಬಾಚಿದ್ದರು. ಅವಳು ಚಪ್ಪಲಿ ಬಿಡುತ್ತ ತಲೆ ಎತ್ತಿದಳು, ಎತ್ತಿದ ತಲೆ ಅಲ್ಲೇ ನಿಂತಿತು. ಕಂದು ಕೋಟಿನ ಮೇಲೆ, ಮೇಲಿನಿಂದ ಕೆಳಗಿನ ತನಕ, ಹಸಿರು ಗಾಜಿನ ಗುಂಡಿಗಳು. ದಪ್ಪ ಬಿಳಿ ದಾರದಲ್ಲಿ, ವೈರು ಬೆಸೆದ ಹಾಗೆ ಗಂಟುಗಂಟಾಗಿ ಹೊಲಿದಿದ್ದವು. ಕೊನೆಯದರ ಅಂಚು ಒಡೆದಿತ್ತು.

ಕೊಡೆ!

ಅತ್ತೆ ಆಗಲೇ ಬಂದು, ಬಿಸ್ಕತ್ತಿನ ಡಬ್ಬ ತೆರೆದಿಟ್ಟು, ಕನ್ನಡಕ ಏರಿಸಿಕೊಂಡು ಕೂತಿದ್ದಳು. ಮೇಷ್ಟ್ರು ಚಹ ತಂದರು. ಮೂರು ಲ್ಯಾಪ್‌ಟಾಪುಗಳೂ ಮೇಜಿನ ಮೇಲೆ ಬಾಯಿ ತೆರೆದುಕೊಂಡವು. ಪರದೆಯ ಮೇಲೆ ದೊಡ್ಡಪ್ಪ ಕೇಳುತ್ತಿದ್ದ: ‘ಅಂಗಡಿಯನ್ನು ಶಾಶ್ವತವಾಗಿ ಮುಚ್ಚಬೇಕೇ?’

ಗುಂಡಿಯಕ್ಕನ ತಲೆ ಗಿರಗಿರ ತಿರುಗುತ್ತಿತ್ತು. ಮೇಷ್ಟ್ರು ಕೊಡೆಯಾದರೆ ಗುಂಡಿ ಕೊಂಡದ್ದು ಕರುಣೆಯಿಂದ. ಅದು ಅರ್ಥವಾಗುತ್ತದೆ, ತಾನೂ ಅದೇ ಕೆಲಸ ಮಾಡಿದವಳು. ಆದರೆ ಆ ಸಂಜೆ ವಾಲ್ವಿಗೆ ತನ್ನೆದುರು ಕೂಗಿದ್ದೂ ಕೊಡೆಯೇ. ತನ್ನ ಮಾಲಿಗೆ ತಾನೇ ಕೂಗುವುದೇ? ಗಿರಾಕಿಯ ವೇಷ ಹಾಕಿ, ಬೇರೆಯವರ ಆಸೆ ಕೆರಳಿಸಿ ಬೆಲೆ ಏರಿಸುವುದು ಈ ಕಸುಬಿನಲ್ಲಿ ಎಲ್ಲಕ್ಕಿಂತ ಕೀಳು ಮೋಸ. ಅಂಥ ಮೋಸವನ್ನು ಮೇಷ್ಟ್ರು ಮಾಡಿದರೇ? ತಾನು ಅವರ ಮುಖದಲ್ಲಿ ನಗು ನೋಡಲು ಒದ್ದಾಡುತ್ತಿದ್ದಾಗ, ಅವರು ತನ್ನನ್ನೇ ಸುಲಿಯುತ್ತಿದ್ದರೇ? ಕೋಪಕ್ಕೆ ಅವಳ ಕಣ್ಣಲ್ಲಿ ನೀರು ಬಂತು.

“ಒತ್ತೋಣ್ವಾ?” ಎಂದರು ಮೇಷ್ಟ್ರು.

“ಒಂದು ನಿಮಿಷ,” ಎಂದಳು. “ಮೇಷ್ಟ್ರೇ, ಹಸಿರಲ್ಲಿ ಕೊಡೆ ನೀವೇನಾ?”

ಮೇಷ್ಟ್ರ ಕೈ ತಾನಾಗಿಯೇ ಕೋಟಿನ ಮೇಲೆ ಹೋಗಿ ಗುಂಡಿಗಳನ್ನು ಮುಚ್ಚಿತು. “ಕೋಟಿಗೆ ಗುಂಡಿ ಇರ್ಲಿಲ್ಲಮ್ಮ…”

“ಇತ್ತು. ಕಪ್ಪು ಗುಂಡಿ. ನಾನೇ ನೋಡಿದೀನಿ. ಕಿತ್ತಿದೀರಿ.”

ಅಷ್ಟರಲ್ಲಿ ಅತ್ತೆ ಕಪ್ಪು ಠಣ್ಣೆಂದು ಕೆಳಗಿಟ್ಟಳು. “ಅಯ್ಯೋ ಪುಣ್ಯಾತ್ಮರೇ! ಆ ಕೊಡೆ ನೀವಾ? ಆ ದರಿದ್ರ ಮರದ ಗುಂಡಿಗೆ ನನ್ನ ಪ್ರಾಣ ತಿಂದ್ರಲ್ಲ! ನಾನು ಏನೋ ಇವಳಿಗೆ ಬೇಜಾರಾಗ್ಬಾರ್ದು ಅಂತ…” ಎಂದವಳು ತಾನೇನು ಹೇಳಿದೆನೆಂದು ಹೊಳೆದು ಬಾಯಿಗೆ ಕೈ ಇಟ್ಟುಕೊಂಡಳು.

“ಮೀನು ನೀವಾ ಅತ್ತೆ?”

“ನಾನು ಕೇಳಿದ್ನಾ ಮೀನು ಕೊಡು ಅಂತ? ಅದೇ ಕೊಡ್ತು.”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಗ ಮಾತ್ರ ಗುಂಡಿಯಕ್ಕನಿಗೆ ಎಲ್ಲ ತಿಳಿಯಾಯಿತು. ಹಸಿರಿನಲ್ಲಿ ಗಿರಾಕಿಗಳೇ ಇರಲಿಲ್ಲ. ಇಷ್ಟು ದಿನ ಈ ಮೇಜಿನ ಸುತ್ತ ಕೂತ ಮೂವರೇ, ಒಬ್ಬರನ್ನೊಬ್ಬರು ಸಮಾಧಾನಪಡಿಸಲು, ಒಬ್ಬರ ಮಾಲನ್ನು ಒಬ್ಬರು ಮೈಮೇಲೆ ಎಳೆದುಕೊಂಡು, ಇದೇ ಮಾರುಕಟ್ಟೆ ಎಂದು ನಂಬಿ, ಬದುಕಿನ ನಕ್ಷತ್ರಗಳನ್ನೆಲ್ಲ ಅಳಿಸಿ ಹಾಕಲು ಹೊರಟಿದ್ದರು. ಆದರೆ ಆ ಒಂದು ಸಂಜೆಯದು ಇನ್ನೂ ತಿಳಿಯಾಗಿರಲಿಲ್ಲ.

“ಅದೆಲ್ಲ ಇರ್ಲಿ,” ಎಂದಳು. “ಆ ಚಿಕ್ಕ ವಾಲ್ವು, ಕತ್ತು ಕಪ್ಪಾಗಿರೋದು. ಅದು ನಿಮ್ಮದೇ ಮಾಲು. ಅದಕ್ಕೆ ನೀವೇ ಯಾಕೆ ಕೂಗಿದ್ರಿ? ನಾನು ಏರಿಸಿದಷ್ಟೂ ನೀವೂ ಏರಿಸಿದ್ರಿ. ನನ್ನ ಹತ್ರ ಹಾಗೆ ಮಾಡ್ಬಹುದಾ?”

ಮೇಷ್ಟ್ರು ಅವಳ ಕಡೆ ತಿರುಗಿದರು. “ಆಮೆ… ನೀನಾ?”

“ನಾನೇ.”

ಅವರು ಚಹದ ಕಪ್ಪು ಕೆಳಗಿಟ್ಟರು. ಆಮೇಲೆ ಬೆರಳೆತ್ತಿ ಒಳಗಿನ ಕೋಣೆಯ ಕಡೆ ತೋರಿಸಿದರು. ತೆರೆದ ಬಾಗಿಲಿನಿಂದ ಮಂಚದ ಒಂದು ಬದಿ ಕಾಣುತ್ತಿತ್ತು, ಅದರ ತಲೆಯ ಹತ್ತಿರದ ಕಿಟಕಿ ಹಲಗೆಯ ಮೇಲೆ ಕೆನೆ ಬಣ್ಣದ ಒಂದು ಚಿಕ್ಕ ರೇಡಿಯೋ.

“ಅದು ಅವಳದ್ದಮ್ಮ. ಹಾಸಿಗೆ ಹಿಡಿದ ಮೇಲೆ ದಿನವಿಡೀ ಅದನ್ನೇ ಕೇಳ್ತಿದ್ಲು. ವಾಲ್ವೆಲ್ಲ ಸರಿ ಇದ್ಯಾ ಅಂತ ನೋಡೋಕೆ ತೆಗೆದಿದ್ದೆ. ಮೇಜಿನ ಮೇಲೆ ಮಾರೋ ವಾಲ್ವು ಇದ್ವಲ್ಲ, ಆ ಚಿಕ್ಕದೂ ಅದ್ರಲ್ಲಿ ಬೆರೆತುಹೋಯ್ತು. ಫೋಟೋ ತೆಗೆದು ಹಾಕಿಬಿಟ್ಟೆ. ಆಮೇಲೆ ರೇಡಿಯೋ ಹಾಕಿದ್ರೆ ಮಾತಾಡಲ್ಲ. ಆಗ ಗೊತ್ತಾಯ್ತು. ನೋಡಿದ್ರೆ ಆಮೆ ಆಗ್ಲೇ ಕೂಗಿಬಿಟ್ಟಿತ್ತು.”

“ವಾಪಸ್ ತೆಗೀಬಹುದಿತ್ತಲ್ಲ…” ಎಂದ ಅತ್ತೆ ಅರ್ಧಕ್ಕೇ ನಿಂತಳು. ಹಸಿರಿನಲ್ಲಿ ಮಾತಂದ್ರೆ ಮಾತು.

“ಹಸಿರಿಗೆ ಬರೆದೆ. ‘ನಿಮ್ಮ ಮಾತು ನಮಗೆ ಮುಖ್ಯ’ ಅಂತ ಬಂತು. ಮತ್ತೆ ಬರೆದೆ. ಮತ್ತೂ ಮುಖ್ಯ ಅಂತು. ದೊಡ್ಡಪ್ಪನ ಹತ್ರ ಆಗಿದ್ರೆ ಬೈಸಿಕೊಂಡಾದ್ರೂ ವಾಪಸ್ ತಗೋಬಹುದಿತ್ತು.” ಮೇಷ್ಟ್ರು ಕನ್ನಡಕ ತೆಗೆದರು. “ನಿನ್ನ ಗುಂಡಿಗೆ ಕೂಗೋಕೆ ಅಂತ ಅವಳ ಫೋನಲ್ಲಿ, ಅವಳ ಹೆಸರಲ್ಲೇ ಒಂದು ಖಾತೆ ಮಾಡಿದ್ದೆ. ಅದೇ ಕೊಡೆ. ಅದ್ರಿಂದಾನೇ ಕೂಗಿದೆ. ಆ ಆಮೆ ಬಿಡ್ಲೇ ಇಲ್ಲ. ನನ್ನ ಮೇಲೆ ಇಷ್ಟು ಹಗೆ ಯಾರಿಗಿದೆಯಪ್ಪಾ ಅಂದ್ಕೊಂಡೆ. ದುಡ್ಡು ಆಮೇಲೆ ನನಗೇ ಬಂದ್ರೂ ಮೊದಲು ಕಟ್ಬೇಕಲ್ಲ, ಆಮೆ ಇನ್ನೊಂದು ಸಲ ಏರಿಸಿದ್ರೆ ಕಟ್ಟೋಕೆ ನನ್ನ ಹತ್ರ ಏನೂ ಉಳಿದಿರ್ಲಿಲ್ಲ. ಬಿಟ್ಟುಕೊಡ್ಬೇಕಾಗಿತ್ತು.”

ಗುಂಡಿಯಕ್ಕನಿಗೆ ಆ ಸಂಜೆ ನೆನಪಾಯಿತು. ಇನ್ನೊಂದು ಸಲ. ಅವಳ ಬೆರಳು ಕೀಲಿಯ ಮೇಲೆಯೇ ಇತ್ತು. ಒಂದು ಕ್ಷಣ ಸಿಕ್ಕಿದ್ದರೆ, ಆ ಮನೆಯ ಕೊನೆಯ ದನಿಯನ್ನು ಗೆದ್ದು ತಂದು, ಗಂಡನ ಕಾಲುಚೀಲದೊಳಗೆ ತುರುಕಿ, ಮೇಷ್ಟ್ರಿಗೆ ಎಂಥ ಉಪಕಾರ ಮಾಡಿದೆ ಎಂದು ಬೀಗುತ್ತಿದ್ದಳು. ಮೋಸಗಾರರೆಂದು ಅಂದುಕೊಂಡದ್ದಕ್ಕೆ ನಾಚಿಕೆ ಬೇರೆ. ತಲೆ ಎತ್ತಲಾಗಲಿಲ್ಲ.

“ಕೊನೆಗೆ ಯಾಕಮ್ಮ ಬಿಟ್ಟೆ?” ಎಂದು ಕೇಳಿದರು ಮೇಷ್ಟ್ರು. ಅವರ ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. “ಅಷ್ಟು ಹಠ ಹಿಡಿದೋಳು, ಇದ್ದಕ್ಕಿದ್ದಂಗೆ ಸುಮ್ಮನಾದೆ. ಅವತ್ತಿಂದ ಯೋಚನೆ ಮಾಡ್ತಿದೀನಿ.”

“ಅವಳಿಗೆ ಒಳಗೊಳಗೇ ಗೊತ್ತಾಗಿರುತ್ತೆ ಮೇಷ್ಟ್ರೇ,” ಎಂದಳು ಅತ್ತೆ, ಸೊಸೆಯ ಮಾನ ಉಳಿಸಲು. “ಎದುರಿಗಿರೋ ಮನುಷ್ಯನಿಗೆ ಇದು ಬೇಕೇ ಬೇಕು ಅಂತ ಮನಸ್ಸಿಗೆ ತಿಳಿಯುತ್ತೆ. ನಮ್ಮ ಮನೆ ಹುಡುಗಿ ಕರುಳು ಅಂಥದು.”

ಹೌದು ಎಂದುಬಿಡಬಹುದಿತ್ತು. ಮೇಷ್ಟ್ರ ಒದ್ದೆ ಕಣ್ಣು ಆಗಲೇ ಅದನ್ನು ನಂಬಲು ಸಿದ್ಧವಾಗಿತ್ತು. ಗುಂಡಿಯಕ್ಕ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು.

“ಹಾಲು ಉಕ್ಕಿತು ಮೇಷ್ಟ್ರೇ,” ಎಂದಳು.

ಆಮೇಲೆ ಮೇಷ್ಟ್ರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಅವಳು ಗಾಬರಿಯಾಗಿ ಎದ್ದಳು. ಅವರು ನಗುತ್ತಿದ್ದರು. ಹೆಂಡತಿ ಹೋದ ಮೇಲೆ ಯಾರೂ ಕೇಳಿರದ ಆ ನಗು ಹೊಟ್ಟೆಯಿಂದ ಎದ್ದು ಬಂದು, ಒಡೆದ ಅಂಚಿನ ಗುಂಡಿ ದಾರದ ಸಮೇತ ಕಿತ್ತುಬಂದು ಮೇಜಿನ ಕೆಳಗೆ ಉರುಳಿತು. “ಹಾಲು!” ಎಂದರು, ಉಸಿರು ಸಿಕ್ಕದೆ. “ಅವಳಿದ್ದಿದ್ರೆ… ಅವಳೂ ದಿನಾ ಉಕ್ಕಿಸ್ತಿದ್ಲು ಕಣಮ್ಮ, ಆ ರೇಡಿಯೋ ಕೇಳ್ತಾ ಕೇಳ್ತಾ.”

ದೊಡ್ಡಪ್ಪ ಪರದೆಯ ಮೇಲೆ ಇನ್ನೂ ಅದೇ ಪ್ರಶ್ನೆ ಕೇಳುತ್ತಿದ್ದ. ಅತ್ತೆ ಏನನ್ನೂ ಒತ್ತದೆ ಮೂರು ಲ್ಯಾಪ್‌ಟಾಪುಗಳನ್ನೂ ಒಂದೊಂದಾಗಿ ಮಡಚಿದಳು. ಮೇಷ್ಟ್ರು ಒಳಗೆ ಹೋಗಿ ರೇಡಿಯೋದ ಕಿವಿ ತಿರುವಿದರು. ಅದು ಬಿಸಿಯಾಗಲು ತನ್ನ ಪಾಡಿಗೆ ಸಮಯ ತೆಗೆದುಕೊಂಡು, ಕೊನೆಗೆ ಗಂಟಲು ಸರಿಮಾಡಿಕೊಂಡು ನಾಳೆಯ ಹವಾಮಾನ ಹೇಳಿತು. ಗುಂಡಿಯಕ್ಕ ಚೀಲದಿಂದ ಸೂಜಿ ದಾರ ತೆಗೆದು, ಮೇಷ್ಟ್ರನ್ನು ನಿಲ್ಲಿಸಿ, ಬಿಳಿ ದಾರವನ್ನೆಲ್ಲ ಬಿಚ್ಚಿ ಗುಂಡಿಗಳನ್ನು ಸರಿಯಾಗಿ ಹೊಲಿದುಕೊಟ್ಟಳು.

ಮನೆಗೆ ಬಂದವಳು ಕಾಲುಚೀಲಗಳಿಂದ ವಾಲ್ವುಗಳನ್ನೆಲ್ಲ ತೆಗೆದು, ಹಿಂದಿರುಗಿಸಲೆಂದು ಹತ್ತಿಯಲ್ಲಿ ಸುತ್ತಿಟ್ಟಳು. ಗಂಡ ನೋಡುತ್ತ ನಿಂತಿದ್ದ. ಅವಳು ಅವನ ಹತ್ತಿರ ಹೋಗಿ ಎರಡೂ ಕೈ ಹಿಡಿದುಕೊಂಡಳು.

“ಇನ್ಮೇಲೆ ದಿನಾ ಹಾಲು ನೀವೇ ಇಡಿ,” ಎಂದಳು. “ಇಟ್ಟು ಸ್ನಾನಕ್ಕೆ ಹೋಗಿ.”

ಮದುವೆಯಾದಾಗಿನಿಂದ ಮೊದಲ ಸಲ ಅವನಿಗೆ ‘ಸರಿ’ ಎನ್ನಬೇಕೋ ಬೇಡವೋ ತಿಳಿಯಲಿಲ್ಲ.